ಕೋವಿಯ ನಳಿಗೆ ಕಪ್ಪಾದದ್ದು

ಲೋಕ ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿದ್ದ ಕಾಲ. ಚಿನ್ನ, ತಾಮ್ರ, ಕಬ್ಬಿಣ ಮೂರೂ ಭೂಮಿತಾಯಿಯ ಮಡಿಲಲ್ಲಿ ಮಲಗಿದ್ದವು. ಬೆಂಕಿ ಬಂದು, ಮನುಷ್ಯರ ಮನೆಯಲ್ಲಿ ಕೆಲಸವಿದೆ, ಏಳಿ ಎಂದು ಎಬ್ಬಿಸಿತು.

ಚಿನ್ನ ತಿರುಗಿಯೂ ನೋಡದೆ ಹೊರಟಿತು. ಅದಕ್ಕೆ ಮೊದಲಿಂದಲೂ ಬಿಂಕ ಜಾಸ್ತಿ. ತಾಮ್ರ ಸ್ವಲ್ಪ ಅತ್ತು, ಹಸಿರು ಶಾಲು ಹೊದ್ದು ಸುಮ್ಮನಾಯಿತು. ಕಬ್ಬಿಣ ಮಾತ್ರ ತಾಯಿಯ ಸೆರಗು ಬಿಡಲಿಲ್ಲ. ಊರಿಗೆಲ್ಲ ಗಟ್ಟಿಗ, ಅವ್ವನ ಮುಂದೆ ಕೂಸು.

"ನೆನಪಾದಾಗ ಕರೆ, ಮಗನೇ. ನೀರಿನ ಕೈ ಹಿಡಿದು, ಗಾಳಿಯ ಜೊತೆ ಬರ್ತೀನಿ," ಎಂದಳು ಭೂಮಿ.

ಕರೆದಾಗಲೆಲ್ಲ ಬಂದಳು. ಆದರೆ ಅವಳು ಅಪ್ಪಿಕೊಂಡ ಕಡೆಯಲ್ಲೆಲ್ಲ ಕಬ್ಬಿಣ ಕೆಂಪು ಮಣ್ಣಾಗಿ ಉದುರುತ್ತಿತ್ತು. ನಾವು ತುಕ್ಕು ಅನ್ನುವುದು ಅದನ್ನೇ.

ಬೆಟ್ಟದ ತಪ್ಪಲಲ್ಲಿ ಮಾದಾಚಾರಿ ಎಂಬ ಕಮ್ಮಾರ, ಅವನ ಹೆಂಡತಿ ಚೌಡವ್ವ ಇದ್ದರು. ಕಾಡುಹಂದಿಗಳು ಅವರ ರಾಗಿ ಹೊಲಕ್ಕೆ ನುಗ್ಗಿ ಹಾಳುಮಾಡುತ್ತಿದ್ದವು. ಅವನ್ನು ಬೆದರಿಸಲು ಮಾದಾಚಾರಿ ಕಬ್ಬಿಣ ಬಡಿದು ನಳಿಗೆ ಮಾಡಿ, ಕೋವಿ ಕಟ್ಟಿದ. ನಳಿಗೆಯ ಬಾಯಿಗೆ ಮದ್ದು ಸುರಿದು, ಕೋಲಿನಿಂದ ಜಡಿದು ಹಾರಿಸಿದರೆ ಹಂದಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು.

ಆದರೆ ಮದ್ದಿನ ಮಸಿಗೆ ಉಪ್ಪಿನ ಗುಣ. ಮಸಿ ಇಬ್ಬನಿಯನ್ನು ಕರೆಯಿತು, ಇಬ್ಬನಿ ಭೂಮಿಯನ್ನು ಕರೆಯಿತು, ನಳಿಗೆ ಕೆಂಪಾಯಿತು. ಚೌಡವ್ವ ಮರಳು ಹಾಕಿ ತಿಕ್ಕಿದಳು. ಮತ್ತೆ ಕೆಂಪು, ಮತ್ತೆ ತಿಕ್ಕಿದಳು. ನಳಿಗೆ ಹಪ್ಪಳದಷ್ಟು ತೆಳುವಾಗಿ ಬಿರುಕು ಬಿಟ್ಟಿತು.

ಮಾದಾಚಾರಿ ಹೊಸ ನಳಿಗೆ ಬಡಿದ. ಅದೂ ಕೆಂಪಾಯಿತು. ಇದು ಗಂಡನ ಕೈಯಲ್ಲೇ ಸಿಡಿದರೆ ಗತಿಯೇನು ಎಂದು ಚೌಡವ್ವನಿಗೆ ಅನ್ನ ಸೇರದಾಯಿತು. ಚಿನ್ನದ್ದು ಮಾಡಿ, ತುಕ್ಕೇ ಹಿಡಿಯುವುದಿಲ್ಲ ಎಂದರು ಊರವರು. ಚಿನ್ನದ ಚೂರಿ ಎಂದು ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೇ? ಮೆತ್ತನೆಯ ಚಿನ್ನ ಮದ್ದಿನ ಏಟು ತಡೆಯುವುದಿಲ್ಲ.

ತಿಕ್ಕಿ ತಿಕ್ಕಿ ಚೌಡವ್ವನ ತೋಳು ಸೋತಿತ್ತು. ಬೇಯಿಸಿದರೆ ಬಟ್ಟೆಯ ಕೊಳೆ ಬಿಡುತ್ತದೆ, ತುಕ್ಕೂ ಬಿಟ್ಟೀತು ಎಂದುಕೊಂಡಳು ಪಾಪ. ನಳಿಗೆಯನ್ನು ಕುದಿಯುವ ಹಂಡೆಗೆ ಇಳಿಸಿ, ತಿರುವಿ ತಿರುವಿ ಬೇಯಿಸಿದಳು.

ಆವಿಯೊಳಗೆ ಕಬ್ಬಿಣ ಬಿಕ್ಕಿತು. "ಅವ್ವಾ, ನೀನು ಬಂದರೆ ನಾನು ಉಳಿಯೋದಿಲ್ಲ. ಹೋದರೆ ನನಗೆ ತಡೆಯೋಕಾಗೋದಿಲ್ಲ."

ಭೂಮಿಗೆ ಕರುಳು ಚುರ್ರೆಂದಿತು. ಮೆಲ್ಲಗೆ ಹೇಳಿದಳು: "ನಿನ್ನ ಒಳಗೆ ಬರೋದಿಲ್ಲ ಮಗನೇ. ಮೈಮೇಲೇ ಇದ್ದು ಕಾಯ್ತೀನಿ."

ಹಾಗೆಂದು ಅವಳು ತನ್ನ ಕೆಂಪನ್ನು ನೀರಿಗೆ ಬಿಟ್ಟು, ಎರೆಮಣ್ಣಿನ ಕಪ್ಪು ತಾಳಿದಳು.

ಚೌಡವ್ವ ಎತ್ತಿ ನೋಡಿದರೆ ನಳಿಗೆ ಕಪ್ಪು. ಕೆಡಿಸಿಬಿಟ್ಟೆನಲ್ಲ ಎಂದು ಕಣ್ಣೀರು ತುಂಬಿಕೊಂಡಳು. ಮಾದಾಚಾರಿ ಎಣ್ಣೆಬಟ್ಟೆಯಿಂದ ಒರೆಸಿದ, ಕಪ್ಪು ಹೋಗಲಿಲ್ಲ. ಇಬ್ಬನಿ ಬಂದು ಮುಟ್ಟಿತು, ಜಾರಿಹೋಯಿತು. ಆ ವರ್ಷ ರಾಗಿ ಮನೆ ಸೇರಿತು, ಮಾದಾಚಾರಿಯ ಕೈಯೂ ಉಳಿಯಿತು.

ಅದಕ್ಕೇ ಕಂದಾ, ಅಂಗಳದಲ್ಲಿ ಮರೆತುಬಿಟ್ಟ ಕುಡುಗೋಲು ಇವತ್ತಿಗೂ ಕೆಂಪಾಗುತ್ತದೆ, ಗೋಡೆಗೆ ತೂಗುಹಾಕಿದ ಈ ಹಳೆ ಕೋವಿಯ ನಳಿಗೆ ಮಾತ್ರ ಅವ್ವನನ್ನು ಮೈತುಂಬ ಹೊದ್ದುಕೊಂಡು ಕಪ್ಪಗೆ ಮಲಗಿದೆ.