ಮೂಲೆಯವನ ಪಕ್ಕದ ಕೈ

"ಒಂದೀಟು ಸಡಿಲ ಹಿಡೀರಿ, ಜೋಮು ಹಿಡಿದೈತಿ."

ನನ್ನ ಹೆಂಡತಿ ಹುಲಿಗೆಮ್ಮ ನನಗೆ ಹೇಳಿದ ಕೊನೆಯ ಮಾತು ಇದು. ಆಸ್ಪತ್ರೆಯ ಮಂಚದ ಪಕ್ಕ ಕೂತು ಅವಳ ಕೈ ಹಿಡಿದಿದ್ದೆ. ಸಡಿಲ ಮಾಡಿದೆ. ಅವಳು ಬೆರಳು ಆಡಿಸಿದಳು. ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಕಾರ್ಯ ಮುಗಿಸಿ ಹೊಳೆದಂಡೆಯ ಗರಡಿಗೆ ಹೋದೆ. ಅಲ್ಲಿ ನನ್ನ ಗುರುಗಳು ಹಾಲಪ್ಪಜ್ಜ ಇರುತ್ತಾರೆ. ಹುಡುಗನಾಗಿದ್ದಾಗ ನನಗೆ ಕಬಡ್ಡಿ ಕಲಿಸಿದವರು. ನನ್ನ ತಲೆ ನರೆತ ಮೇಲೆ ಆಟಗಾರರನ್ನು ನೋಡಿ ಆರಿಸುವುದನ್ನು ಕಲಿಸುತ್ತಿದ್ದವರು.

ಅವರು ಸಮಾಧಾನದ ಮಾತು ಆಡಲಿಲ್ಲ. ಸಲಿಕೆ ಕೊಟ್ಟರು.

"ಅಂಗಳದ ಮಣ್ಣು ಗಟ್ಟಿ ಆಗೈತಿ, ದುರುಗಾ. ಅಗಿ."

ಅಗೆದೆ. ಹೆಂಟೆ ಒಡೆದೆ. ನೀರು ಚಿಮುಕಿಸಿದೆ. ಹೊತ್ತು ಏರಿತು.

"ಇನ್ನು ಕೆಲಸ ಮಾಡಬಹುದು," ಅಂದರು.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಪಟ್ಟಣದಲ್ಲಿ ದೊಡ್ಡ ಕಬಡ್ಡಿ ತಂಡಗಳಿವೆ. ಆಟವೇ ಅವರಿಗೆ ದುಡಿಮೆ. ವರ್ಷಕ್ಕೊಮ್ಮೆ ಎಲ್ಲ ತಂಡದವರೂ ಒಂದು ಕಡೆ ಕೂತು ಕಾಲೇಜು ಹುಡುಗರ ಹೆಸರು ಕೂಗುತ್ತಾರೆ. ಸರದಿಯ ಮೇಲೆ. ಒಂದು ಸರದಿಗೆ ಒಂದೇ ಹೆಸರು. ಕೂಗಿಸಿಕೊಂಡವನು ಆ ತಂಡದವನು. ಉಳಿದವನು ಮನೆಗೆ.

ಯಾರನ್ನು ಕೂಗಬೇಕು ಎಂದು ಮೊದಲೇ ನೋಡಿ ಹೇಳುವವರು ನಾವು.

ಆ ವರ್ಷ ಒಂದು ತಂಡ ಗುರುಗಳಿಗೆ ಹೇಳಿ ಕಳಿಸಿತ್ತು. ಹಿಡಿಯುವವನು ಒಬ್ಬ ಬೇಕು. ತಮ್ಮ ಕೈಲಿ ಒಂದೇ ಸರದಿ ಉಳಿದಿದೆ.

"ಈ ಸಲ ನೀನೇ ನೋಡು. ನೀನೇ ಹೇಳು," ಅಂದರು ಗುರುಗಳು. "ನಾನು ಫೋನು ಮುಟ್ಟಂಗಿಲ್ಲ."

ಕಾಲೇಜುಗಳ ಪಂದ್ಯಾಟಕ್ಕೆ ಹೋದೆ. ಅಂಗಳದ ಒಂದೊಂದು ಮೂಲೆಯಲ್ಲೂ ಕೂತು ನೋಡಿದೆ. ನಾನೂ ಒಂದು ಕಾಲಕ್ಕೆ ಎಡಮೂಲೆಯಲ್ಲಿ ಆಡಿದವನು. ಹಿಡಿತ ಎಂದರೆ ಏನು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

ಒಂದು ತಂಡದಲ್ಲಿ ಇಬ್ಬರು ಹುಡುಗರು. ಎಡಮೂಲೆಯಲ್ಲಿ ಮೈಲಾರಿ. ಅವನ ಪಕ್ಕಕ್ಕೆ ಕೊಟ್ರೇಶ. ಇಬ್ಬರೂ ಕೈ ಕೈ ಹಿಡಿದು ನಿಲ್ಲುತ್ತಿದ್ದರು. ರೈಡ್ ಮಾಡಲು ಬಂದವನು ಮೂಲೆಗೆ ಕಾಲು ಚಾಚಿದರೆ ಮುಗಿಯಿತು. ಮೈಲಾರಿ ನೆಲಕ್ಕೆ ಬಿದ್ದು ಹಿಮ್ಮಡಿ ಹಿಡಿಯುತ್ತಿದ್ದ. ಕೊಟ್ರೇಶ ಮೇಲೆ ಬಂದು ಮುಚ್ಚುತ್ತಿದ್ದ.

ಎಂಥ ಜೋಡಿ! ಎದ್ದು ಚಪ್ಪಾಳೆ ಹೊಡೆದೆ.

ಗರಡಿಗೆ ಬಂದು ಹೇಳಿದೆ. "ಸಿಕ್ಕರು, ಗುರುಗಳೇ. ಇಬ್ಬರು."

"ಸರದಿ ಎಷ್ಟು?"

"ಒಂದು."

"ಹೆಸರು ಎಷ್ಟು?"

"ಎರಡು."

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಇಬ್ಬರನ್ನೂ ಬೇರೆ ಮಾಡಬಾರದ್ರಿ," ಅಂದೆ. "ಬೇರೆ ಮಾಡಿದರೆ ಇಬ್ಬರೂ ಕೆಡ್ತಾರ. ಇಬ್ಬರನ್ನೂ ತಗೊಳ್ರಿ ಅಂತೀನಿ. ಆಗದಿದ್ರೆ ಯಾರನ್ನೂ ಹೇಳಂಗಿಲ್ಲ."

"ಯಾರನ್ನೂ ಹೇಳದಿದ್ರೆ?"

"ತಂಡದವರು ಬೇರೆ ರಾಜ್ಯದ ಒಬ್ಬ ಹುಡುಗನ ವಿಡಿಯೋ ಇಟ್ಕೊಂಡಾರ. ಅವನ್ನ ಕೂಗ್ತಾರ."

"ಇವರಿಬ್ಬರು?"

"ಇನ್ನೊಂದು ವರ್ಷ ಕಾಲೇಜು ಐತ್ರಿ. ಮುಂದಿನ ವರ್ಷ ನೋಡಿದ್ರಾತು."

"ಮುಂದಿನ ವರ್ಷದ ತನಕ ಮೊಣಕಾಲು ಉಳೀತಾವು ಅಂತ ನಿನಗ ಯಾರು ಹೇಳಿದ್ರು?"

ನಾನು ಕಟ್ಟೆಯ ಮೇಲೆ ಕೂತೆ.

"ಇಬ್ಬರೂ ಮನಿಗೆ ಹೋಗ್ತಾರ," ಅಂದರು ಗುರುಗಳು. "ಜೋಡಿ ಉಳೀತೈತಿ. ಮನ್ಯಾಗ."

ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಫೋನು ಯಾವಾಗ ಬರ್ತೈತಿ?"

"ನಾಳೆ ಬೆಳಗ್ಗೆ."

"ಹಂಗಾದ್ರ ಇವತ್ತು ಸಂಜಿಗೆ ಅವರನ್ನ ಕರಿ."

ಸಂಜೆಗೆ ಹುಡುಗರು ಬಂದರು. ಯಾಕೆ ಕರೆದಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಮೈಲಾರಿ ಎತ್ತರದ ಹುಡುಗ. ಕಾಲು ಮುಟ್ಟಿ ಎದ್ದವನೇ ಶುರು ಮಾಡಿದ.

"ಅಜ್ಜಾರ, ಹೇಳಿದ್ರ ಇಬ್ಬರನ್ನೂ ಹೇಳ್ರಿ. ಇಲ್ಲಾಂದ್ರ ಯಾರನ್ನೂ ಬ್ಯಾಡ."

ಗುರುಗಳು ನನ್ನ ಕಡೆ ನೋಡಿದರು. "ನಿನ್ನ ಹಳೇ ಅಂಗಿ ಯಾರೋ ಹಾಕ್ಕೊಂಡು ಬಂದಂಗೈತಲ್ಲೋ."

ಕೊಟ್ರೇಶ ಸಣ್ಣಗೆ ನಕ್ಕ. ಅವನು ಕುಳ್ಳ. ಮಾತು ಕಡಿಮೆ. ಅಂಗಳದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ನಿಲ್ರಿ," ಅಂದರು ಗುರುಗಳು.

ಇಬ್ಬರೂ ಎಡಮೂಲೆಯಲ್ಲಿ ಕೈ ಹಿಡಿದು ನಿಂತರು. ಗುರುಗಳು ಹೆಗಲ ಮೇಲಿನ ಟವೆಲ್ ತೆಗೆದರು. ಹಿಡಿದ ಎರಡು ಕೈಗೂ ಸೇರಿಸಿ ಸುತ್ತಿದರು. ಗಂಟು ಹಾಕಿದರು. ಹಲ್ಲಿನಿಂದ ಎಳೆದು ಬಿಗಿ ಮಾಡಿದರು.

"ದುರುಗಾ, ರೈಡ್ ಹೋಗು."

"ನಾನೇನ್ರಿ?"

"ಮತ್ತ ನಾನೇನು?"

ಪಂಚೆ ಎತ್ತಿ ಕಟ್ಟಿ ಗೆರೆ ದಾಟಿದೆ. ಕಬಡ್ಡಿ ಕಬಡ್ಡಿ ಅನ್ನುತ್ತಾ ಹೋದೆ.

"ಅಜ್ಜಾ, ಉಸಿರು ಐತೋ, ಮನ್ಯಾಗ ಬಿಟ್ಟು ಬಂದಿಯೋ?" ಅಂದ ಮೈಲಾರಿ.

ಉಸಿರು ಇತ್ತು. ಮೂಲೆಗೆ ಕಾಲು ಚಾಚಿದೆ. ಮೈಲಾರಿ ನೆಲಕ್ಕೆ ಹಾರಿದ. ಕೈ ಕಟ್ಟಿತ್ತು. ಅರ್ಧಕ್ಕೇ ನಿಂತ. ಕೊಟ್ರೇಶ ಅವನ ಬೆನ್ನ ಮೇಲೆ ಬಿದ್ದ. ಇಬ್ಬರ ತಲೆಯನ್ನೂ ಮುಟ್ಟಿ ನಡೆದುಕೊಂಡೇ ವಾಪಸು ಬಂದೆ.

"ಗಟ್ಟಿಯಾಗಿ ಹಿಡಿದಿದ್ರು," ಅಂದರು ಗುರುಗಳು. "ಇಬ್ಬರೂ ಔಟು."

ಟವೆಲ್ ಬಿಚ್ಚಿದರು. "ಮತ್ತ ಹೋಗು."

ಹೋದೆ. ಕಾಲು ಚಾಚಿದ್ದಷ್ಟೇ ಗೊತ್ತು. ಬಾಯಲ್ಲಿ ಮಣ್ಣು. ಹಿಮ್ಮಡಿಯ ಮೇಲೆ ಮೈಲಾರಿ. ಬೆನ್ನ ಮೇಲೆ ಕೊಟ್ರೇಶ.

ಎಬ್ಬಿಸಿದವರು ಹುಡುಗರೇ.

"ಯಾರು ಹಿಡಿದ?" ಅಂದರು ಗುರುಗಳು.

"ಮೈಲಾರಿ."

"ಕೈ ಯಾರು ಬಿಟ್ಟ?"

"ಏನ್ರಿ?"

"ಕೈ ಹಿಡಿದು ನಿಂತಿದ್ರಲ್ಲ. ನೆಲಕ್ಕ ಬೀಳಾಕ ಕೈ ಬಿಡಬೇಕಲ್ಲ. ಯಾರು ಮೊದಲು ಬಿಟ್ಟ?"

"ನೋಡಲಿಲ್ಲ."

"ಪಂದ್ಯಾಟದಾಗ?"

"ಅಲ್ಲೂ ನೋಡಲಿಲ್ಲ."

"ಮತ್ತೇನು ನೋಡಿದಿ?"

"ಹಿಡಿತ."

"ಅದನ್ನ ಶೇಂಗಾ ಮಾರೋನೂ ನೋಡಿರ್ತಾನ."

ಮೈಲಾರಿ ನಕ್ಕ. ಗುರುಗಳು ಅವನ ಕಡೆ ತಿರುಗಿದರು.

"ನೀನು ಹೇಳು. ಯಾರು ಬಿಟ್ಟ?"

ಮೈಲಾರಿ ನಗು ನಿಲ್ಲಿಸಿದ. ತನ್ನ ಬಲಗೈ ನೋಡಿಕೊಂಡ. "ನಾನೇ ಬಿಟ್ಟಿರಬೇಕು."

"ಇರಬೇಕು," ಅಂದರು ಗುರುಗಳು.

ಪಂಚೆ ಎತ್ತಿ ಕಟ್ಟಿದರು. ಕೊಟ್ರೇಶನನ್ನು ಪಕ್ಕಕ್ಕೆ ಸರಿಸಿ ತಾವೇ ಅವನ ಜಾಗದಲ್ಲಿ ನಿಂತರು. ಮೈಲಾರಿಯ ಕೈ ಹಿಡಿದರು.

"ಊರ ಮಂದಿ ಹಿಡಿದಂಗ ಹಿಡೀತೀನಿ. ದುರುಗಾ, ಬಾ."

ಹೋದೆ. ಕಾಲು ಚಾಚಿದೆ. ಮೈಲಾರಿ ಬಿದ್ದ. ಆದರೆ ಬೀಳುವ ಮೊದಲು ಕೈ ಕಿತ್ತುಕೊಳ್ಳಬೇಕಾಯಿತು. ಗುರುಗಳ ತೋಳು ಜಗ್ಗಿತು. ಅಷ್ಟರಲ್ಲಿ ನನ್ನ ಕಾಲು ಹಿಂದಕ್ಕೆ ಬಂದಿತ್ತು. ಅವನಿಗೆ ಸಿಕ್ಕಿದ್ದು ಒಂದು ಹಿಡಿ ಮಣ್ಣು.

"ಅಜ್ಜಾರ ಬಿಡಲಿಲ್ಲ!" ಅಂದ ಮೈಲಾರಿ.

"ಹೌದು. ಬಿಡಲಿಲ್ಲ. ಎಲ್ಲರೂ ಹಂಗೇ."

ಗುರುಗಳು ತೋಳು ತಿಕ್ಕಿಕೊಳ್ಳುತ್ತಾ ಕಟ್ಟೆಯ ಮೇಲೆ ಕೂತರು.

"ದುರುಗಾ, ನಿನ್ನ ಹಳೇ ಜಾಗಕ್ಕ ಹೋಗು. ಮೂಲಿಗೆ. ಕೊಟ್ರೇಶ ಪಕ್ಕಕ್ಕ. ಮೈಲಾರಿ, ನೀನು ರೈಡ್ ಬಾ. ಅಜ್ಜ ಅಂತ ಉಪಕಾರ ಮಾಡಬ್ಯಾಡ."

"ಗುರುಗಳೇ, ಈ ವಯಸ್ಸಿಗೆ ನಾನು ಹಾರಂಗಿಲ್ರಿ."

"ಹಾರು ಅಂದೆನೇನು? ನಿಲ್ಲು."

ನಿಂತೆ. ಕೊಟ್ರೇಶ ನನ್ನ ಬಲಗೈ ಹಿಡಿದ. ಆಸ್ಪತ್ರೆಯಿಂದ ಬಂದ ಮೇಲೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಹುಡುಗನ ಅಂಗೈ ಒಣಗಿತ್ತು, ಬೆಚ್ಚಗಿತ್ತು. ಬಿಗಿ ಇರಲಿಲ್ಲ.

ನಾನು ಬಿಗಿಯಾಗಿ ಹಿಡಿದೆ.

ಮೈಲಾರಿ ಬಂದ. ನಾಚಿಕೆ ಇಲ್ಲದ ಹುಡುಗ, ಉಪಕಾರ ಮಾಡಲಿಲ್ಲ. ಬಲಕ್ಕೆ ಹೋದಂತೆ ಮಾಡಿ ಸರ್ರನೆ ನನ್ನ ಮೂಲೆಗೆ ತಿರುಗಿದ. ಕಾಲು ಬಂತು.

ನೆಲದ ಮೇಲಿದ್ದೆ. ಎರಡೂ ಕೈಯಲ್ಲಿ ಅವನ ಹಿಮ್ಮಡಿ ಇತ್ತು. ಯಾವಾಗ ಹಾರಿದೆ, ತಿಳಿಯದು. ಕೊಟ್ರೇಶ ಮೇಲೆ ಬಂದು ಮುಚ್ಚಿದ. ಮೈಲಾರಿ ಉಸಿರು ಕಳೆದುಕೊಂಡು ಬಿದ್ದ.

"ಅಯ್ಯೋ ಅಜ್ಜಾ!" ಅಂದ. "ನೀನು ಹಿಡಿದಿ!"

ಮಣ್ಣಿನಲ್ಲೇ ಕೂತೆ. ಬಲಗೈ ನೋಡಿಕೊಂಡೆ. ನಾನು ಎಳೆದಿರಲಿಲ್ಲ. ಕೊಟ್ರೇಶನೂ ನೂಕಿರಲಿಲ್ಲ. ನನ್ನ ಮೈ ಹಾರುವುದಕ್ಕೆ ಒಂದು ಉಸಿರು ಮೊದಲೇ ಅವನ ಬೆರಳು ತೆರೆದಿದ್ದವು. ನಾನು ಅಷ್ಟು ಬಿಗಿ ಹಿಡಿದಿದ್ದರೂ ತೆರೆದಿದ್ದವು. ಕೈ ಖಾಲಿ ಆದದ್ದು ನನಗೆ ಆಮೇಲೆ ಗೊತ್ತಾಯಿತು.

"ನಿನಗ ಹೆಂಗ ತಿಳೀತು?" ಎಂದು ಕೊಟ್ರೇಶನನ್ನು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಹಾರೋನ ಬೆರಳು ಮೊದಲು ತಣ್ಣಗಾಗ್ತಾವ್ರಿ. ಆಗ ಬಿಡಬೇಕು."

ಅಂಗಿಯ ಮಣ್ಣು ಕೊಡವುತ್ತಾ ಹೇಳಿದ. "ಮೈಲಾರೀನ ಹೇಳ್ರಿ ಅಜ್ಜಾರ. ಹಿಡಿಯೋನು ಅವನು. ನಾನು ಪಕ್ಕದಾಗ ನಿಲ್ಲೋನು."

ಗುರುಗಳು ಎದ್ದು ಒಳಗೆ ಹೋದರು. ಹುಡುಗರಿಗೆ ಬೆಲ್ಲ ಶೇಂಗಾ ಕೊಟ್ಟು ಕಳಿಸಿದರು.

ಕತ್ತಲಾಗುವ ಮೊದಲು ಗುರುಗಳೂ ನಾನೂ ಹೊಳೆಯ ಮೆಟ್ಟಿಲ ಮೇಲೆ ಕೂತೆವು. ನಾನು ಕಾಲಿನ ಮಣ್ಣು ತೊಳೆದೆ.

"ಹೆಸರು ಸಿಕ್ಕಿತೇನು?"

"ಸಿಕ್ಕಿತ್ರಿ."

"ಎಷ್ಟು?"

"ಒಂದು."

"ಮತ್ತ ಮುಖ ಯಾಕ ಹಂಗೈತಿ?"

ನೀರು ನೋಡುತ್ತಾ ಕೇಳಿದೆ. "ಪಕ್ಕದವರು ಹೋದಮೇಲೆ ಮೂಲೆಯವನು ಏನು ಮಾಡಬೇಕ್ರಿ, ಗುರುಗಳೇ?"

ಗುರುಗಳು ನೀರಿಗೆ ಕೈ ಅದ್ದಿ ಮುಖ ತೊಳೆದರು. ಆಮೇಲೆ ನನ್ನ ಹೆಗಲು ಹಿಡಿದು ಎದ್ದರು.

"ಮೂಲೆ ಎಲ್ಲಿಗೂ ಹೋಗಿಲ್ಲ," ಅಂದರು.

ಬೆಳಗ್ಗೆ ಫೋನು ಬಂತು. ತಂಡದ ಕಚೇರಿಯ ಹುಡುಗ. ಮಾತು ಚುರುಕು.

"ಅಂಕಲ್, ಹೆಸರು?"

"ಕೊಟ್ರೇಶ."

"ಒಂದು ನಿಮಿಷ. ಅಂಕಲ್, ಆ ಟೀಮಲ್ಲಿ ಕ್ಯಾಚ್ ಎಲ್ಲಾ ಮಾಡಿರೋದು ಮೈಲಾರಿ. ಈ ಕೊಟ್ರೇಶಂದು ಏನೂ ಇಲ್ಲ."

"ಇಲ್ಲ."

"ಮತ್ತೆ?"

"ನಿಮ್ಮ ಮೂಲ್ಯಾಗ ಈಗ ಯಾರು ಆಡ್ತಾರೋ ಅವರ ಪಕ್ಕ ಇವನ್ನ ನಿಲ್ಲಿಸ್ರಿ. ಆಮೇಲೆ ಅವರ ಕ್ಯಾಚು ಎಣಿಸ್ರಿ."

"ಗ್ಯಾರಂಟಿನಾ ಅಂಕಲ್?"

"ನನ್ನನ್ನ ಹಾರಿಸ್ಯಾನ," ಅಂದೆ. ಫೋನು ಇಟ್ಟೆ.

ಗರಡಿಗೆ ನಡೆದೆ. ಮೈಲಾರಿ ಆಗಲೇ ಬಂದಿದ್ದ. ಎಡಮೂಲೆಯಲ್ಲಿ ಒಬ್ಬನೇ ನಿಂತಿದ್ದ. ಗುರುಗಳು ಕೊಡದಿಂದ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು.

"ಯಾರನ್ನ ಹೇಳಿದಿ ಅಜ್ಜಾ?"

"ಕೊಟ್ರೇಶನ್ನ."

ಅವನು ಮಣ್ಣಿಗೆ ಒದ್ದ. ದೂರ ಹೋದ. ತಿರುಗಿ ಬಂದ.

"ನನ್ನ ಹಿಡಿತ ಏನು ಕಮ್ಮಿ ಇತ್ತು?"

"ಹಿಡಿತ ಕಮ್ಮಿ ಇಲ್ಲ. ಇನ್ನೊಬ್ಬರ ಕೈ ಸಿಕ್ಕರ ನೀನು ಬಿಡಿಸ್ಕೊಳ್ಳಾಕ ಜಗ್ತಿ. ನಿನ್ನೆ ಗುರುಗಳ ಕೈ ಹಿಡಿದಾಗ ನೋಡಿದಿಯಲ್ಲ. ಕೊಟ್ರೇಶ ಇರೋತನಕ ಅದು ನಿನಗ ಗೊತ್ತಾಗಲಿಲ್ಲ."

"ಅವನು ಹೋದ. ಇನ್ನು ಗೊತ್ತಾಗಿ ಏನು ಮಾಡ್ಲಿ?"

"ಮುಂದಿನ ವರ್ಷ ಮತ್ತ ಕೂಗ್ತಾರ."

"ಯಾರ ಜೋಡಿ ಆಡ್ಲಿ?"

ಅಂಗಿ ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಪಂಚೆ ಎತ್ತಿ ಕಟ್ಟಿದೆ. ಅವನ ಪಕ್ಕಕ್ಕೆ ಹೋಗಿ ನಿಂತೆ. ಎಡಗೈ ಚಾಚಿದೆ.

ಅವನು ನನ್ನ ಮುಖ ನೋಡಿದ. ಕೈ ನೋಡಿದ. ಮೂಗು ಒರೆಸಿಕೊಂಡು ಕೈ ಕೊಟ್ಟ.

ಹಿಡಿದೆ.

ಗುರುಗಳು ಕೊಡ ಕೆಳಗಿಟ್ಟರು. ಗೆರೆಯ ಆಚೆ ಹೋಗಿ ನಿಂತರು. ರೈಡ್ ಬರುವವರ ಹಾಗೆ ತೊಡೆ ತಟ್ಟಿದರು. ಆಮೇಲೆ ನಮ್ಮಿಬ್ಬರ ಕೈಯ ಕಡೆ ನೋಡಿ ನಿಂತುಬಿಟ್ಟರು.

"ದುರುಗಾ," ಅಂದರು, "ಒಂದೀಟು ಸಡಿಲ ಹಿಡಿ. ಹುಡುಗನ ಬೆರಳು ಬೆಳ್ಳಗಾಗ್ಯಾವ."