ದೋಣಿಗಾರನ ಬಿಡುವು

"ಅಯ್ಯನವರೇ, ಕೆಲಸವೆಲ್ಲ ಮುಗಿದ ಮೇಲೆ ಉಳಿಯುವ ಹೊತ್ತು ನನ್ನದು ತಾನೇ? ಆಗಲೂ ಪುಸ್ತಕ ಹಿಡಿ ಎಂದರೆ ಹೇಗೆ? ಕುಡಿಯುವುದಿಲ್ಲ, ಜೂಜಾಡುವುದಿಲ್ಲ. ನಾಲ್ಕು ಜನರ ಜೊತೆ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತೇನೆ, ಅಷ್ಟೇ. ಅದು ಪಾಪವೇ?"

ಹೀಗೆ ಕೇಳಿದವನು ಯೋವೇಲ. ಉಪದೇಶಿಯಾಗಬೇಕೆಂದು ಪಾದ್ರಿಗಳಾದ ಗಿದಿಯೋನ ಅಯ್ಯನವರ ಬಳಿ ಕಲಿಯುತ್ತಿದ್ದ ಯುವಕ. ಒಳ್ಳೆಯ ಸ್ವಭಾವದವನು. ಕೇಳಿದ ಮಾತಿನಲ್ಲಿ ಸ್ವಲ್ಪ ಮುನಿಸೂ ಇತ್ತು.

ಅಯ್ಯನವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಪಾಪವೆಂದು ನಾನು ಹೇಳಲಾರೆ. ಒಬ್ಬ ದೋಣಿಗಾರನ ಕತೆ ಹೇಳುತ್ತೇನೆ, ಕೇಳು" ಎಂದರು.

ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ಕಡವು ಇತ್ತು. ಅಲ್ಲಿ ಒಬ್ಬ ದೋಣಿಗಾರನಿದ್ದ. ಜನರನ್ನು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ದಾಟಿಸುವುದು ಅವನ ಕೆಲಸ. ಯಾರಿಗೂ ಮೋಸ ಮಾಡಿದವನಲ್ಲ. ಬಸುರಿಯರನ್ನೂ ಮುದುಕರನ್ನೂ ಕೈಹಿಡಿದು ಇಳಿಸುವನು. ಭಾನುವಾರ ತಪ್ಪದೆ ಹೆಂಡತಿಯೊಂದಿಗೆ ದೇವಾಲಯಕ್ಕೆ ಹೋಗುವನು. ಮಿಷನ್ ಶಾಲೆಯಲ್ಲಿ ಕಲಿತಿದ್ದರಿಂದ ಓದಲು ಚೆನ್ನಾಗಿ ಬರುತ್ತಿತ್ತು.

ಕಡವಿನ ಕೆಲಸ ನಿನಗೆ ಗೊತ್ತಲ್ಲ. ದೋಣಿ ತುಂಬುವಷ್ಟು ಜನ ಬರುವವರೆಗೆ ಹೊರಡುವಂತಿಲ್ಲ. ಹಾಗಾಗಿ ಅವನಿಗೆ ದುಡಿಮೆಗಿಂತ ಕಾಯುವುದೇ ಹೆಚ್ಚು. ಕಾಯುವಾಗ ಸೋಗೆಯ ಚಪ್ಪರದ ಕೆಳಗೆ ಕುಳಿತು, ಬಂದವರ ಜೊತೆ ಎಲೆ ಅಡಿಕೆ ಹಾಕುತ್ತ ಮಾತಾಡುವನು. ಯಾರ ಮನೆಯ ಮದುವೆ ಮುರಿಯಿತು, ಯಾರ ದನ ಯಾರ ಗದ್ದೆಗೆ ನುಗ್ಗಿತು, ಎಲ್ಲವೂ ಅವನಿಗೆ ತಿಳಿಯುತ್ತಿತ್ತು. ಕೇಳಿದ್ದನ್ನು ಅಂದವಾಗಿ ಹೇಳುವ ಕಲೆಯೂ ಅವನಲ್ಲಿತ್ತು.

ಅವನ ಹೆಂಡತಿಗೆ ಓದು ಬಾರದು. ಚಿಕ್ಕಂದಿನಲ್ಲಿ ತಮ್ಮ ತಂಗಿಯರನ್ನು ಎತ್ತಿ ಆಡಿಸುವುದರಲ್ಲಿ ಅವಳ ಶಾಲೆಯ ಕಾಲ ಕಳೆದುಹೋಗಿತ್ತು. ಅವಳಿಗೆ ಒಂದು ಅಂಜಿಕೆ ಇತ್ತು. ಅವಳ ತಾಯಿ ಸಾಯುವಾಗ ಬಹಳ ಹೆದರಿದ್ದಳು. ಮಗಳ ಕೈ ಹಿಡಿದು "ಬಿಡಬೇಡ, ಬಿಡಬೇಡ" ಎನ್ನುತ್ತಲೇ ಪ್ರಾಣ ಬಿಟ್ಟಳು. ಅದನ್ನು ಕಂಡಂದಿನಿಂದ ತನ್ನ ಕೊನೆಯೂ ಹಾಗೆಯೇ ಆದೀತೆಂಬ ಭಯ ಆಕೆಯ ಎದೆಯಲ್ಲಿ ಕುಳಿತಿತ್ತು. ದೇವರನ್ನು ನಂಬಿದ್ದಳು. ಆದರೂ ಭಯ ಹೋಗಿರಲಿಲ್ಲ. ನಂಬಿದವರಿಗೆ ಭಯವೇ ಆಗುವುದಿಲ್ಲ ಎನ್ನುವವರು ಸಾಯುವವರ ಪಕ್ಕದಲ್ಲಿ ಕುಳಿತವರಲ್ಲ, ಯೋವೇಲ.

ಒಂದು ದಿನ ಊರೂರು ತಿರುಗುವ ಒಬ್ಬ ಉಪದೇಶಿ ಆ ಕಡವು ದಾಟಿದ. ದೋಣಿಗಾರ ಅವನನ್ನು ಮನೆಗೆ ಕರೆದು ಗಂಜಿ ಬಡಿಸಿದ. ಮಾತಿನ ನಡುವೆ ಹೆಂಡತಿ ತನ್ನ ಅಂಜಿಕೆಯನ್ನು ಹೇಳಿಕೊಂಡಳು. ಉಪದೇಶಿ ಚೀಲದಿಂದ ಒಂದು ಪುಸ್ತಕ ತೆಗೆದು ದೋಣಿಗಾರನ ಕೈಗೆ ಕೊಟ್ಟ. ಭಕ್ತರ ಬದುಕಿನ ಸಂಗತಿಗಳನ್ನು ಕೂಡಿಸಿ ಬರೆದ ಪುಸ್ತಕ ಅದು.

"ತಂಗೀ, ನಿನ್ನ ಹಾಗೆಯೇ ಸಾವಿಗೆ ಹೆದರುತ್ತಿದ್ದ ಒಬ್ಬ ಹೆಂಗಸಿನ ವಿಷಯ ಇದರಲ್ಲಿದೆ. ಕೊನೆಯ ಗಳಿಗೆಯಲ್ಲಿ ಅವಳು ಕರ್ತನಿಗೆ ಒಂದು ಮಾತು ಹೇಳಿದಳು. ಅದನ್ನು ಕೇಳಿದರೆ ನಿನ್ನ ಎದೆ ಹಗುರಾದೀತು. ಹೊರಡುವ ಅವಸರದಲ್ಲಿ ಹೇಳುವ ಮಾತಲ್ಲ ಅದು. ಗಂಡನಿಗೆ ಓದು ಬರುತ್ತದಲ್ಲ, ಕೂತು ಓದಿಸಿಕೋ" ಎಂದ.

ಉಪದೇಶಿ ಹೋದ. ಮತ್ತೆ ಆ ದಾರಿಯಲ್ಲಿ ಬರಲಿಲ್ಲ.

ಕಡವಿನಲ್ಲಿ ಬೇಕಾದಷ್ಟು ಬಿಡುವಿದೆ, ಅಲ್ಲಿಯೇ ಓದಿಕೊಂಡು ಬಂದು ಸಂಜೆ ಹೇಳುತ್ತೇನೆ ಎಂದು ದೋಣಿಗಾರ ಪುಸ್ತಕವನ್ನು ದೋಣಿಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಅವನ ಮಾತು ಸುಳ್ಳಲ್ಲ. ಓದುವ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. ಆದರೆ ಅದು ಹೊಸ ಪುಸ್ತಕ. ಆ ಕಾಲದ ಕೆಲವು ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಬರುತ್ತಿದ್ದವು. ಓದುವವನೇ ಚಾಕು ಹಿಡಿದು ಬಿಡಿಸಿಕೊಳ್ಳಬೇಕು. ಒಂದು ಮಧ್ಯಾಹ್ನ ಅವನು ಅಡಿಕೆ ಕತ್ತರಿಸುವ ಚಾಕು ತೆಗೆದು ಮೊದಲ ಹಾಳೆ ಬಿಡಿಸಿದ. ಚಪ್ಪರದ ಕೆಳಗಿದ್ದ ಮೀನು ವ್ಯಾಪಾರಿ ನೋಡಿದ.

"ಏನಪ್ಪಾ, ಪಾದ್ರಿಯಾಗುವ ಅಂದಾಜೋ? ಹಾಗಾದರೆ ದೋಣಿ ನನಗೆ ಕೊಟ್ಟುಬಿಡು. ನೀನು ನೀರಿನ ಮೇಲೆ ನಡೆದೇ ದಾಟಬಹುದು!"

ಎಲ್ಲರೂ ನಕ್ಕರು. ದೋಣಿಗಾರನೂ ನಕ್ಕ. ಪುಸ್ತಕ ಪೆಟ್ಟಿಗೆಗೆ ಹೋಯಿತು. ಮೀನು ವ್ಯಾಪಾರಿ ಕೆಟ್ಟವನೇನಲ್ಲ, ತಮಾಷೆ ಮಾಡಿದ ಅಷ್ಟೇ. ಮಾರನೆಯ ದಿನ ಅವನಿಗೆ ಆ ತಮಾಷೆಯ ನೆನಪೂ ಇರಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ ಹೆಂಡತಿ ಕೇಳುವಳು.

"ಇವತ್ತಾದರೂ ಆ ಹೆಂಗಸಿನದು ಓದಿದಿರಾ?"

"ಎಲ್ಲಿಯ ಓದು ಮಾರಾಯ್ತಿ! ಜನವೋ ಜನ. ಉಸಿರು ಬಿಡಲು ಪುರಸೊತ್ತಿರಲಿಲ್ಲ."

ಹಾಗೆಂದು ಆ ದಿನ ಕೇಳಿದ ಸುದ್ದಿಯನ್ನು ತೆಗೆಯುವನು. ಬಟ್ಟೆ ಅಂಗಡಿಯವನು ಬೀಗರ ಮನೆಯ ಊಟಕ್ಕೆ ಹೋದನಂತೆ, ಹೊರಡುವಾಗ ಬೀಗರ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದನಂತೆ. ಬೀಗ ಬರಿಗಾಲಲ್ಲಿ ಓಡಿಬಂದು ಮೇಲಿನ ಕಡವಿನಲ್ಲಿ ಇವನು ಕುಳಿತ ದೋಣಿಯನ್ನೇ ಹತ್ತಿದನಂತೆ. ಬಾಯಿಬಿಟ್ಟು ಕೇಳಿದರೆ ಸಂಬಂಧ ಕೆಡುತ್ತದೆಂದು ದಡ ಮುಟ್ಟುವವರೆಗೆ ಇಬ್ಬರೂ ಕಾಲು ನೋಡುತ್ತ ಕುಳಿತರಂತೆ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಗುವಳು. ಆಮೇಲೆ ಅನ್ನುವಳು:

"ಉಸಿರು ಬಿಡಲು ಪುರಸೊತ್ತಿಲ್ಲದವರು ಇಷ್ಟೆಲ್ಲ ಯಾವಾಗ ಕೇಳಿಕೊಂಡಿರಿ ಮಾರಾಯ್ರೇ?"

ಅವನು ತಲೆ ಕೆರೆದುಕೊಳ್ಳುವನು. "ನಾಳೆ ಖಂಡಿತ" ಎನ್ನುವನು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಅದು.

ಬೇರೆ ಯಾರಿಂದಾದರೂ ಓದಿಸಿಕೊಳ್ಳಬಹುದಿತ್ತಲ್ಲ ಎನ್ನಬೇಡ. ಅವಳಿಗೆ ಆ ಮಾತನ್ನು ಗಂಡನ ಬಾಯಿಂದ ಕೇಳುವ ಆಸೆ. ಅಂಥ ಮಾತನ್ನು ಪರರ ಮುಂದೆ ಕುಳಿತು ಕೇಳಲು ಸಂಕೋಚವೂ ಇದ್ದೀತು. ಒಂದು ಮಳೆಗಾಲ ಕಳೆಯಿತು. ಇನ್ನೊಂದು ಮಳೆಗಾಲ ಬಂತು.

ಆ ಮಳೆಗಾಲದ ಕೊನೆಗೆ ಹೆಂಡತಿ ಜ್ವರ ಹಿಡಿದು ಮಲಗಿದಳು. ಕಷಾಯದಿಂದ ಇಳಿಯಲಿಲ್ಲ. ಒಂದು ಬೆಳಿಗ್ಗೆ ಅವಳಿಗೆ ಉಸಿರು ಎಳೆಯುವುದೇ ಕಷ್ಟವಾಯಿತು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಊರಿನ ಗಂಡಸರೆಲ್ಲ ಬಲೆ ಹೊತ್ತು ಸಮುದ್ರಕ್ಕೆ ಹೋಗಿದ್ದರು. ದೋಣಿಗಾರ ಅವಳನ್ನು ಎತ್ತಿಕೊಂಡು ಬಂದು ದೋಣಿಯಲ್ಲಿ ಮಲಗಿಸಿದ. ನೆರೆಮನೆಯ ಅಜ್ಜಿ ಜೊತೆಗೆ ಹತ್ತಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ನದಿ ತುಂಬಿತ್ತು. ಅದರ ಮೇಲೆ ಸಮುದ್ರದ ಇಳಿತದ ಹೊತ್ತು. ನೀರೆಲ್ಲ ಅಳಿವೆಯ ಬಾಯಿಗೆ ಧಾವಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಹುಟ್ಟಿನಿಂದ ಒಂದು ಕೈ ತೆಗೆದರೂ ದೋಣಿ ಸಮುದ್ರದ ಪಾಲು. ದೋಣಿಗಾರ ಎರಡೂ ಕೈಯಲ್ಲಿ ಹುಟ್ಟು ಹಾಕುತ್ತಿದ್ದ.

"ಇನ್ನೂ ದೂರ ಉಂಟಾ?" ಎಂದು ಹೆಂಡತಿ ಕೇಳಿದಳು.

"ಇಲ್ಲ, ಬಂತು, ಇನ್ನು ಸ್ವಲ್ಪ."

"ನನಗೆ ಹೆದರಿಕೆ ಆಗ್ತದೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಮತ್ತೆ ಕೇಳಿದಳು. "ಆ ಹೆಂಗಸು ಏನು ಹೇಳಿದಳು?"

ದೋಣಿಗಾರ ಕೆಳಗೆ ನೋಡಿದ. ಪೆಟ್ಟಿಗೆ ಅವನ ಕಾಲ ಬುಡದಲ್ಲಿಯೇ ಇತ್ತು. ಅದರೊಳಗೆ ಪುಸ್ತಕವಿತ್ತು. ಕೈ ಚಾಚಿದರೆ ಸಿಗುವಂತಿತ್ತು. ಚಾಚಲು ಕೈ ಇರಲಿಲ್ಲ.

"ಅಜ್ಜೀ, ನಿನಗೆ..." ಎಂದ.

"ನನಗೆಲ್ಲಿ ಬರಬೇಕು ಮಗಾ, ಅಕ್ಷರ ಕಂಡವಳಾ ನಾನು?" ಎಂದು ಅಜ್ಜಿ ಅತ್ತಳು.

"ದಡ ಮುಟ್ಟಲಿ. ಮುಟ್ಟಿದ ಕೂಡಲೇ ಅದನ್ನೇ ಓದುತ್ತೇನೆ. ದೇವರಾಣೆ ಓದುತ್ತೇನೆ" ಎಂದ ಹೆಂಡತಿಗೆ.

"ಆಗಲಿ. ಅಲ್ಲಿಯವರೆಗೆ ನಿಮಗೆ ತಿಳಿದದ್ದು ಏನಾದರೂ ಹೇಳಿ. ಸುಮ್ಮನಿದ್ದರೆ ನೀರಿನ ಸದ್ದು ಕೇಳ್ತದೆ."

ಅವನು ತನ್ನೊಳಗೆ ಹುಡುಕಿದ. ಕರ್ತನೇ ಎಂದ. ಮುಂದಿನ ಮಾತು ಬರಲಿಲ್ಲ. ಭಾನುವಾರಗಳಲ್ಲಿ ಕೇಳಿದ್ದೆಲ್ಲ ಭಾನುವಾರವೇ ಎದ್ದು ಹೋಗಿತ್ತು. ಅವಳ ಭಯಕ್ಕೆ ಹಚ್ಚಬಹುದಾದ ಒಂದು ಸಾಲನ್ನಾದರೂ ಕೊಡು ದೇವರೇ ಎಂದು ಮೊರೆಯಿಟ್ಟ. ಕೊಡಲು ದೇವರಿಗೆ ಮನಸ್ಸಿಲ್ಲದೆ ಇಲ್ಲ, ಯೋವೇಲ. ಆತನು ಆಗಲೇ ಕೊಟ್ಟಾಗಿತ್ತು. ಅದು ಪೆಟ್ಟಿಗೆಯಲ್ಲಿತ್ತು.

ಹೆಂಡತಿ ಕಾಯುತ್ತಿದ್ದಳು. ಸುಮ್ಮನಿರಲು ಅವನಿಗೆ ಧೈರ್ಯವಾಗಲಿಲ್ಲ. ಬಾಯಿ ತೆರೆದ. ಒಳಗೆ ಏನಿತ್ತೋ ಅದು ಬಂತು.

"ಒಬ್ಬ ಬಟ್ಟೆ ಅಂಗಡಿಯವನು... ಬೀಗರ ಮನೆಗೆ ಊಟಕ್ಕೆ ಹೋದನಂತೆ..."

ಹುಟ್ಟು ಹಾಕುತ್ತ, ಏದುಸಿರು ಬಿಡುತ್ತ, ಅಳುತ್ತ ಅವನು ಆ ಚಪ್ಪಲಿಯ ಕತೆ ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಅವನು ನಡುವೆ ತಡವರಿಸಿದಾಗ ಅವಳ ತುಟಿ ಸ್ವಲ್ಪ ಅಲುಗಿತು. ನಗಲು ನೋಡಿದಳೋ ಏನೋ.

"ಅದು ಆವತ್ತೇ ಹೇಳಿದ್ದಿರಿ ಮಾರಾಯ್ರೇ" ಎಂದಳು.

ಕೋಪವಿಲ್ಲದೆ ಹೇಳಿದಳು. ಇನ್ನೊಂದು ಏನಾದರೂ ಇದ್ದರೆ ಹೇಳಿ ಎನ್ನುವ ಹಾಗೆ ಹೇಳಿದಳು. ದೋಣಿಗಾರ ಹುಡುಕಿದ. ಇನ್ನೊಂದು ಇತ್ತು. ಅಂಥವೇ ನೂರು ಇದ್ದವು. ಒಂದನ್ನೂ ಹೇಳಲು ನಾಲಿಗೆ ಏಳಲಿಲ್ಲ. ಮತ್ತೆ ದೋಣಿಯಲ್ಲಿ ನೀರಿನ ಸದ್ದು ಮಾತ್ರ ಕೇಳಿಸಿತು. ಅವಳು ಅಜ್ಜಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ತಲೆ ತಗ್ಗಿಸಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ದಡದ ಕಡೆ ಎಳೆದ. ದಡದ ಮರಗಳ ಎಲೆ ಕಾಣುವಷ್ಟು ಹತ್ತಿರ ಬಂದಾಗ ಅಜ್ಜಿ ಮೆಲ್ಲನೆ ಹೇಳಿದಳು:

"ಇನ್ನು ನಿಧಾನ ಹೋದರೂ ಆದೀತು ಮಗಾ."

ದಡದಲ್ಲಿ ದೋಣಿ ಕಟ್ಟಿ, ದೋಣಿಗಾರ ಪೆಟ್ಟಿಗೆ ತೆರೆದ. ಅಡಿಕೆ ಚಾಕುವಿನಿಂದ ಹಾಳೆಗಳನ್ನು ಬಿಡಿಸುತ್ತ ಹೋದ. ಬಿಡಿಸುವಾಗ ಒಂದೆರಡು ಹರಿದವು. ಆ ಹೆಂಗಸಿನ ಪುಟ ಸಿಕ್ಕಿತು. ಕೊಟ್ಟ ಮಾತಿನಂತೆ ಹೆಂಡತಿಯ ತಲೆಯ ಬಳಿ ಕುಳಿತು ಗಟ್ಟಿಯಾಗಿ ಓದಿದ. ಓದಿ ಮುಗಿಯಿತು.

"ಇಷ್ಟೆಯಾ?" ಎಂದು ಅಜ್ಜಿ ಕೇಳಿದಳು.

"ಇಷ್ಟೇ."

ಅದು ಒಂದು ಪುಟವೂ ಇರಲಿಲ್ಲ. ಬಾಯಿಗೆ ಹಾಕಿದ ಎಲೆ ಅಡಿಕೆ ಕೆಂಪಾಗುವುದರೊಳಗೆ ಓದಿ ಮುಗಿಸಬಹುದಾಗಿತ್ತು.

ಆಮೇಲೆ ಅವನು ಬದಲಾದ. ಕಡವಿನಲ್ಲಿ ಬಿಡುವಾದಾಗಲೆಲ್ಲ ಓದಿದ. ಆ ಪುಸ್ತಕ ಮುಗಿದ ಮೇಲೆ ಸಭೆಯ ಅಯ್ಯನವರಿಂದ ಬೇರೆ ಪುಸ್ತಕಗಳನ್ನು ತಂದು ಓದಿದ. ದಾಟುವವರಲ್ಲಿ ನೊಂದವರು ಕಂಡರೆ, ಹುಟ್ಟು ಹಾಕುತ್ತಲೇ ಅವರಿಗೆ ಬೇಕಾದ ಮಾತನ್ನು ಬಾಯಿಪಾಠ ಹೇಳುವನು. ಎಷ್ಟೋ ಜನ ಕಣ್ಣೊರೆಸಿಕೊಂಡು ಇಳಿದು ಹೋದರು. ಮೀನು ವ್ಯಾಪಾರಿಯೂ ತನ್ನ ತಾಯಿ ತೀರಿಕೊಂಡ ವಾರ ಅವನ ಹತ್ತಿರ ಬಂದು ಕುಳಿತು, "ನನಗೂ ಏನಾದರೂ ಓದು ಮಾರಾಯ" ಎಂದ. ದೇವರು ದೊಡ್ಡವನು. ಹಾಳಾದದ್ದರಲ್ಲಿಯೂ ಅಷ್ಟನ್ನು ಉಳಿಸಿಕೊಂಡನು.

ಆದರೆ ಸಂಜೆ ಮನೆಗೆ ಹೋಗಿ ಊಟಕ್ಕೆ ಕುಳಿತರೆ, ಇವತ್ತು ಓದಿದಿರಾ ಎಂದು ಕೇಳುವವರು ಇರಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು.

"ಆಕೆ ಹಾಗೆ ಹೆದರುತ್ತಲೇ ಹೋದಳಲ್ಲ ಅಯ್ಯನವರೇ. ಕರ್ತನು ಅವಳನ್ನು..." ಎಂದು ಯೋವೇಲ ಅರ್ಧಕ್ಕೆ ನಿಲ್ಲಿಸಿದ.

"ಆತನು ಅವಳ ಕೈ ಬಿಟ್ಟಿರುವುದಿಲ್ಲ. ಅದರಲ್ಲಿ ನನಗೆ ಸಂದೇಹವಿಲ್ಲ. ಗಂಡ ಓದಲಿಲ್ಲವೆಂದು ಹೆಂಡತಿಯನ್ನು ಹೊರಗೆ ನಿಲ್ಲಿಸುವ ದೇವರಲ್ಲ ಆತನು. ಆದರೆ ದಾರಿಯಲ್ಲಿ ಅವಳು ಪಟ್ಟ ಆ ಭಯವನ್ನು ಪಡಬೇಕಾಗಿರಲಿಲ್ಲ."

ಯೋವೇಲ ಕಣ್ಣೊರೆಸಿಕೊಂಡ. ಈಗ ಅವನ ಮಾತಿನಲ್ಲಿ ಮುನಿಸಿರಲಿಲ್ಲ.

"ಆ ಪುಟದಲ್ಲಿ ಏನಿತ್ತು ಅಯ್ಯನವರೇ? ಆ ಹೆಂಗಸು ಕರ್ತನಿಗೆ ಏನು ಹೇಳಿದಳು?"

ಅಯ್ಯನವರು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ಹೋದ ಕ್ರಿಸ್ಮಸ್‌ಗೆ ನಾನು ನಿನಗೆ ಕೊಟ್ಟ ಪುಸ್ತಕ ಅದೇ, ಮಗನೇ."