ಏಳದ ಪಂಕ್ತಿ

ನದಿ ತಿರುಗುವ ಕಡೆ ಒಂದು ಆಶ್ರಮ. ಮನೆಯವರೂ ಶಾಲೆಯವರೂ "ನಮ್ಮ ಕೈಲಾಗಲ್ಲ" ಎಂದು ಬಿಟ್ಟ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು.

ಅಲ್ಲಿನ ಗುರುಗಳನ್ನು ಎಲ್ಲರೂ "ಬುದ್ಧಿ" ಎಂದೇ ಕರೆಯುತ್ತಿದ್ದರು. ಅವರದು ಮಾತು ಕಡಿಮೆ, ಕಟ್ಟಳೆಗಳೂ ಕಡಿಮೆ. ಆದರೆ ಇದ್ದ ಕಟ್ಟಳೆಗೆ ರಿಯಾಯಿತಿ ಇರಲಿಲ್ಲ.

ಊಟದ ಕಟ್ಟಳೆ ಇದು: ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ.

ಮಕ್ಕಳನ್ನು ನೋಡಿಕೊಳ್ಳುವುದು, ಬಡಿಸುವುದು ಶಿಷ್ಯೆ ಸುಮಂಗಲೆಯ ಕೆಲಸ. ಗಲಾಟೆ ಹೆಚ್ಚಾದರೆ ಅವಳು ಸಾರಿನ ಬಕೆಟ್ಟಿಗೆ ಸೌಟು ಬಡಿಯುತ್ತಿದ್ದಳು. ಪಂಕ್ತಿ ತಣ್ಣಗಾಗುತ್ತಿತ್ತು.

ಆ ಮಧ್ಯಾಹ್ನವೂ ಬಡಿದಳು.

ಚೆನ್ನಿ ದಡಕ್ಕನೆ ಎದ್ದಳು. ಹದಿಹರೆಯದ ಹುಡುಗಿ, ಆಶ್ರಮಕ್ಕೆ ಹೊಸಬಳು. ಎಲೆಯನ್ನು ಒದ್ದಳು, ನೀರಿನ ಲೋಟ ಬೀಸಿ ಎಸೆದಳು, ಹೊಳೆಯ ಕಡೆ ಓಡಿದಳು. ಅನ್ನ ಹಾರಿ ಗೋಡೆಗೆ ಅಂಟಿತು.

ಸುಮಂಗಲೆ ಬಕೆಟ್ಟು ಕೆಳಗಿಟ್ಟಳು.

"ಬುದ್ಧಿ, ಇನ್ನು ನನ್ನಿಂದ ಆಗಲ್ಲ. ಬಂದಾಗಿನಿಂದ ಇದೇ ಪಾಡು. ಮುದ್ದು ಮಾಡಿ ನೋಡಿದೆ, ಗದರಿಸಿ ನೋಡಿದೆ. ಅವಳನ್ನ ಅವಳ ಚಿಕ್ಕಮ್ಮನ ಮನೆಗೇ ಕಳಿಸಿಬಿಡಿ. ಇಲ್ಲಾಂದ್ರೆ ನಾನೇ ಹೋಗ್ತೀನಿ."

"ಪಂಕ್ತಿ ನಡೀತಾ ಇದೆ. ಸಾರು ಬಡಿಸು," ಎಂದರು ಪಂಕ್ತಿಯಲ್ಲೇ ಕುಳಿತಿದ್ದ ಗುರುಗಳು.

ಅವಳು ಬಡಿಸಿದಳು. ಮಜ್ಜಿಗೆಯೂ ಆಯಿತು. ಮಕ್ಕಳು ಎಲೆ ಮಡಚಿ, ಗುರುಗಳು ಏಳುವುದನ್ನೇ ಕಾಯುತ್ತ ಕುಳಿತರು.

ಗುರುಗಳು ಏಳಲಿಲ್ಲ.

"ಏಳಬಹುದಲ್ಲ, ಬುದ್ಧಿ?" ಎಂದಳು ಸುಮಂಗಲೆ.

"ಎಲ್ಲರದೂ ಆಯಿತೇ?"

"ಆಯಿತು."

"ಚೆನ್ನಿಯದು?"

"ಅವಳು ಎದ್ದು ಹೋದಳಲ್ಲ!"

"ಎದ್ದಳು. ಮುಗಿಸಲಿಲ್ಲ. ಬೇರೆ ಎಲೆ ಹಾಕು."

ಸುಮಂಗಲೆ ತುಟಿ ಕಚ್ಚಿಕೊಂಡು ಹೊಸ ಎಲೆ ಹಾಕಿದಳು, ನೀರು ಚಿಮುಕಿಸಿದಳು. ಖಾಲಿ ಎಲೆಯನ್ನು ಎಲ್ಲರೂ ನೋಡಿದರು. ಎಂಜಲು ಕೈಗಳು ಒಣಗತೊಡಗಿದವು.

"ಬುದ್ಧೀ," ಎಂದ ಮಾದೇಶ. ಅವನು ಪಂಕ್ತಿಯ ಬಾಯಿಬಡುಕ. "ನನ್ನ ಕೈ ಹಪ್ಪಳ ಆಗ್ತಾ ಇದೆ."

"ಹಪ್ಪಳ ಆದರೆ ಅದನ್ನೂ ತಿನ್ನು."

ಮಕ್ಕಳು ನಕ್ಕರು. ಸುಮಂಗಲೆ ನಗಲಿಲ್ಲ.

"ತಪ್ಪು ಅವಳದು. ಈ ಮಕ್ಕಳಿಗೆ ಯಾಕೆ ಬುದ್ಧಿ ಶಿಕ್ಷೆ?"

"ಶಿಕ್ಷೆ ಯಾರು ಕೊಟ್ಟರು? ಕಟ್ಟಳೆ ಇದೆ. ಪಾಲಿಸ್ತಾ ಇದ್ದೀವಿ."

"ಹಾಗಾದರೆ ಹೋಗಿ ಎಳೆದುಕೊಂಡು ಬರಲೇ?"

"ಬಡಿಸುವವಳು ಓಡಾಡಬಹುದು, ಹೋಗು. ಆದರೆ ಮುಟ್ಟಬೇಡ, ಕರೆಯಬೇಡ, ಉಪದೇಶ ಮಾಡಬೇಡ."

"ಮತ್ತೆ ಹೋಗಿ ಏನು ಮಾಡಲಿ?"

"ಪಂಕ್ತಿ ಎದ್ದಿಲ್ಲ ಅಂತ ಹೇಳು. ನಿಜ ತಾನೇ ಅದು?"

ಚೆನ್ನಿ ಹೊಳೆಯ ಮೆಟ್ಟಿಲ ಮೇಲೆ ಮಂಡಿ ಅವಚಿಕೊಂಡು ಕುಳಿತಿದ್ದಳು. ಮೈ ಇನ್ನೂ ನಡುಗುತ್ತಿತ್ತು. ಸುಮಂಗಲೆ ನಾಲ್ಕು ಮಾರು ದೂರದಲ್ಲೇ ನಿಂತಳು.

"ಪಂಕ್ತಿ ಎದ್ದಿಲ್ಲ."

"ಏಳಲಿ ಬಿಡು. ನಂಗೇನು?"

"ನೀನು ಮುಗಿಸಿಲ್ಲವಂತೆ. ಕಾಯ್ತಾ ಇದ್ದಾರೆ."

"ಸುಳ್ಳು! ಚಿಕ್ಕಮ್ಮನ ಮನೇಲಿ ಎದ್ದರೆ ಎಲೆ ತೆಗೆದು ಹಸುಗೆ ಹಾಕ್ತಿದ್ದರು."

ಸುಮಂಗಲೆಯ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂದವು. ನುಂಗಿಕೊಂಡು ಮೆಟ್ಟಿಲ ಮೇಲೆ ಕುಳಿತಳು. ಹೊಳೆ ಹರಿಯುತ್ತಿತ್ತು. ಹುಡುಗಿಯ ನಡುಕ ಇಳಿಯುತ್ತ ಬಂತು.

ಚೆನ್ನಿಯೇ ಕೇಳಿದಳು, "ನೀನು ಉಂಡೆಯಾ ಅಕ್ಕಾ?"

"ಇಲ್ಲ. ಬಡಿಸುವವರು ಆಮೇಲೆ."

"ನನ್ನಿಂದ ನಿನಗೂ ಹಸಿವು."

"ಹೌದು."

"ಕೋಪ ಬಂದಿದೆಯಾ?"

"ಬಂದಿದೆ."

"ಹೊಡೀತೀಯಾ?"

"ಇಲ್ಲ."

ಚೆನ್ನಿ ನೀರನ್ನೇ ನೋಡುತ್ತ ಕೇಳಿದಳು, "ಕಳಿಸಿಬಿಡ್ತೀರಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಸುಮಂಗಲೆ ಹಾಗೆನ್ನಲಿಲ್ಲ.

"ಕಳಿಸಿಬಿಡಿ ಅಂತ ನಾನೇ ಕೇಳಿದೆ."

ಹುಡುಗಿ ತಿರುಗಿ ನೋಡಿದಳು. ಇಷ್ಟು ನೇರ ಉತ್ತರವನ್ನು ಅವಳು ಎದುರು ನೋಡಿರಲಿಲ್ಲ.

"ಬುದ್ಧಿಯೋರು ಏನಂದ್ರು?"

"ಬೇರೆ ಎಲೆ ಹಾಕು ಅಂದ್ರು."

"ಹಾಕಿದೆಯಾ?"

"ಹಾಕಿದೆ. ಮನಸ್ಸಿಲ್ಲದೆ ಹಾಕಿದೆ."

ಚೆನ್ನಿ ಕಾಲಬೆರಳಿಂದ ನೀರು ಕಲಕಿದಳು. ಆಮೇಲೆ ತೀರ ಮೆಲ್ಲಗೆ ಹೇಳಿದಳು, "ಸೌಟು ಬಡೀಬೇಡ ಅಕ್ಕಾ. ನಮ್ಮಪ್ಪ ಕುಡಿದು ಬಂದಾಗ ಕದ ಹಂಗೇ ಬಡಿಯೋನು."

ಸುಮಂಗಲೆ ತನ್ನ ಬಲಗೈಯನ್ನು ನೋಡಿಕೊಂಡಳು. ಎಷ್ಟು ಸಲ ಬಡಿದಿದ್ದಳು! ಪಂಕ್ತಿ ತಣ್ಣಗಾಯಿತೆಂದು ಎಷ್ಟು ಸಲ ಹೆಮ್ಮೆಪಟ್ಟಿದ್ದಳು!

"ಬಡಿಯಲ್ಲ," ಎಂದಳು.

ಚೆನ್ನಿ ಎದ್ದು ಮುಂದೆ ಮುಂದೆ ನಡೆದಳು. ಊಟದ ಮನೆಯ ಬಾಗಿಲಲ್ಲಿ ಕಾಲು ತಡೆಯಿತು. ಒಳಗೆ ಪಂಕ್ತಿ ಇದ್ದ ಹಾಗೇ ಕುಳಿತಿತ್ತು. ಅಷ್ಟೂ ಮಕ್ಕಳು, ಅಷ್ಟೂ ಒಣಗಿದ ಕೈಗಳು. ನಡುವೆ ಒಂದು ಹಸಿರು ಎಲೆ.

ಗುರುಗಳು ತಲೆಯೆತ್ತಿ ನೋಡಲೂ ಇಲ್ಲ.

"ಬೇಗ ಉಣ್ಣೇ ತಾಯೀ," ಎಂದ ಮಾದೇಶ. "ಆಗಿನಿಂದ ಮೂಗು ತುರಿಸ್ತಾ ಇದೆ, ಈ ಕೈಲಿ ಮುಟ್ಟೋ ಹಾಗಿಲ್ಲ!"

ಪಂಕ್ತಿಯೆಲ್ಲ ಗೊಳ್ಳೆಂದಿತು. ಚೆನ್ನಿ ಒಂದು ಹೆಜ್ಜೆ ಹಿಂದೆ ಸರಿದಳು. ಸುಮಂಗಲೆಯ ಕೈ ಬಕೆಟ್ಟಿನತ್ತ ಹೋಯಿತು, ಸೌಟು ಹಿಡಿಯಿತು.

ಬಡಿಯಲಿಲ್ಲ.

"ಎಡಗೈಲಿ ತುರಿಸ್ಕೊಳ್ಳೋ, ದಡ್ಡ!" ಎಂದು ಚೆನ್ನಿಯೇ ಅಂದಳು. ಬಂದು ಎಲೆಯ ಮುಂದೆ ಕುಳಿತಳು.

ಸುಮಂಗಲೆ ಅನ್ನ ಬಡಿಸಿದಳು, ಸಾರು ಬಡಿಸಿದಳು. ಸೌಟನ್ನು ಸದ್ದಾಗದಂತೆ ಇಟ್ಟಳು. ಹುಡುಗಿ ತಲೆ ತಗ್ಗಿಸಿ ಉಂಡಳು. ಯಾರೂ ಅವಸರ ಮಾಡಲಿಲ್ಲ. ಕೊನೆಯ ತುತ್ತು ಮುಗಿಸಿ ಅವಳು ಎಲೆ ಮಡಚಿದಾಗ ಗುರುಗಳು ಎದ್ದರು. ಪಂಕ್ತಿಯೂ ಎದ್ದಿತು.

ಬಾಗಿಲು ದಾಟುವ ಮುಂಚೆ ಗುರುಗಳು ಒಂದೇ ಮಾತು ಹೇಳಿದರು, "ಚೆನ್ನಿ, ಗೋಡೆ."

ಹುಡುಗಿ ನೀರು, ಬಟ್ಟೆ ತಂದು ಒರೆಸತೊಡಗಿದಳು. ಸುಮಂಗಲೆ ಸೆರಗು ಸಿಕ್ಕಿಸಿ ಸಹಾಯಕ್ಕೆ ಬಗ್ಗಿದಳು.

"ಬಿಡು," ಎಂದರು ಕೈ ತೊಳೆದು ಬಂದ ಗುರುಗಳು. "ಎಸೆದವಳು ಅವಳು. ಅವಳೇ ಒರೆಸಲಿ. ನೀನು ಬಂದು ಕೂತುಕೋ."

ಅವರೇ ಎಲೆ ಹಾಕಿದರು, ಅವರೇ ಬಡಿಸಿದರು. ಸುಮಂಗಲೆ ಸಂಕೋಚದಿಂದ ಅನ್ನ ಕಲಸುತ್ತಲೇ ಕುಳಿತಳು.

"ಹೋಗ್ತೀನಿ ಅಂದಿದ್ದೆಯಲ್ಲ," ಎಂದರು ಗುರುಗಳು.

"ಹಸಿದಿದ್ದೆ, ಬುದ್ಧಿ."

"ಉಣ್ಣು."

ಅವಳು ಎರಡು ತುತ್ತು ಉಂಡಳು. ಆದರೂ ಮನಸ್ಸಿನ ಲೆಕ್ಕಾಚಾರ ನಿಲ್ಲಲಿಲ್ಲ.

"ನಾಳೆ ಮತ್ತೆ ಒದ್ದರೆ?"

"ಬೇರೆ ಎಲೆ."

"ನಾಡಿದ್ದು?"

"ಬೇರೆ ಎಲೆ."

"ಹೀಗೇ ಆದರೆ ಹಿತ್ತಲಿನ ಎಲೆಯೆಲ್ಲ ಅವಳೊಬ್ಬಳಿಗೇ ಮುಗಿದುಹೋಗುತ್ತೆ, ಬುದ್ಧಿ."

ಗುರುಗಳು ಅವಳ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ಉಂಡು, ಕೈ ತೊಳೆದು, ಗುದ್ದಲಿ ತಗೊಂಡು ಬಾ. ಇನ್ನೊಂದು ಸಾಲು ಬಾಳೆ ನೆಡೋಣ."